ಎದುರು ದಂಡೆಯ ವಾರ

“ಮಾರೋದು ಯಾವುದನ್ನ ಮೇಡಂ? ನಿಮ್ಮಿಬ್ಬರ ವಾರಾನೋ, ಎದುರು ದಂಡೇಲಿ ಯಜಮಾನ್ರು ತಗೊಂಡಿರೋ ವಾರಾನೋ?” ಎಂದು ದಲ್ಲಾಳಿ ಕೇಳಿದಾಗ, ಗಂಡನ ಮನೆಯವರೆಲ್ಲ ರೇಡಿಯೊ ಎಂದೇ ಕರೆಯುತ್ತಿದ್ದ ಬ್ಯೂಟಿಪಾರ್ಲರಿನಾಕೆಗೆ ಜೀವಮಾನದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ.

ಕೆರೆಯ ದಂಡೆಯ ಒಂದು ಮನೆ ವರ್ಷಕ್ಕೆ ಒಂದೇ ವಾರ ಅವಳದು ಮತ್ತು ಗಂಡನದು. ಮಿಕ್ಕ ವಾರಗಳಿಗೆ ಮಿಕ್ಕವರು ಒಡೆಯರು. ಟೈಮ್‌ಶೇರ್ ಅನ್ನುವುದೇ ಹಾಗೆ. ಅದನ್ನು ಮಾರಿ, ಬೆಟ್ಟದ ಮೇಲೆ ಎಲ್ಲಾದರೂ ಒಂದು ವಾರ ಕೊಳ್ಳೋಣವೆಂದು ಅವಳು ಗಂಡನಿಗೂ ಹೇಳದೆ ಬಂದದ್ದು ಅವನ ಸಲುವಾಗಿಯೇ. ಮುಖ ನೋಡಿ ಮನಸ್ಸು ಹೇಳಬಲ್ಲೆ ಎಂಬ ಜಂಬ ಅವಳಿಗೆ. ದಿನವೆಲ್ಲ ಮುಖಗಳನ್ನೇ ತಿದ್ದಿ ತೀಡುವ ಕಸುಬು ತಾನೆ. ಪ್ರತಿ ವರ್ಷ ಆ ಮನೆಯ ಬಾಲ್ಕನಿಯಲ್ಲಿ ಕೂತು ಅವಳು ನಾದಿನಿಯ ಸಂಸಾರದಿಂದ ಹಿಡಿದು ಗಿರಾಕಿಗಳ ಬೀಗರವರೆಗೆ ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿದ್ದರೆ, ಅವನು ಹ್ಞೂಂಗುಟ್ಟುತ್ತಾ ಎದುರು ದಂಡೆಯನ್ನೇ ನೋಡುತ್ತಿದ್ದ. ಮುಖದಲ್ಲಿ ಕಳೆಯೇ ಇರುತ್ತಿರಲಿಲ್ಲ. ಪಾಪ, ಇವರಿಗೆ ನೀರು ಕಂಡರಾಗದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಈಗ ನೋಡಿದರೆ ಅದೇ ಕೆರೆಯ ಆಚೆ ದಂಡೆಯಲ್ಲಿ ಅವನ ಹೆಸರಿಗೇ ಇನ್ನೊಂದು ವಾರ. ತಾನೇ ಕೊಡಿಸಿದ್ದೆಂದು ದಲ್ಲಾಳಿ ಹೆಮ್ಮೆಯಿಂದ ಹೇಳಿಕೊಂಡ. ಯಾರೋ ಬೇಡವೆಂದು ಮಾರಿದ ವಾರವಂತೆ, ಚಿಕ್ಕ ಮನೆಯಂತೆ, ಸಾಹೇಬರು ಒಳಗೆ ಹೋಗಿ ನೋಡದೆಯೇ ಒಪ್ಪಿದರಂತೆ. ನಿಮ್ಮಿಬ್ಬರ ವಾರ ಮುಗಿದ ಮರುವಾರವೇ ಬೇಕೆಂದು ಹಟ ಹಿಡಿದಿದ್ದರು ಎಂದೂ ಸೇರಿಸಿದ. ಮರುವಾರವೆಂದರೆ, ಕಚೇರಿಯ ತರಬೇತಿ ಎಂದು ಅವನು ವರ್ಷವರ್ಷವೂ ಪೆಟ್ಟಿಗೆ ಹಿಡಿದು ಹೊರಡುವ ವಾರ. ಯಾರವಳು?

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಆ ಕ್ಷಣಕ್ಕೂ ಅವಳಿಗೆ ನೆನಪಿತ್ತು. ಹುಬ್ಬಿಗೆ ದಾರ ಹಿಡಿದೇ ಎಷ್ಟು ಮನೆಗಳ ಗುಟ್ಟು ಹೊರಗೆಳೆದವಳು ಅವಳು. ಮುಖದ ಒಂದು ಗೆರೆಯೂ ಅಲುಗದಂತೆ, ಎರಡನ್ನೂ ಕೊಟ್ಟುಬಿಡೋಣ ಅಂತಿದ್ದೀವಿ, ಆಚೆ ಮನೆ ಹೇಗಿದೆಯೋ ಸ್ವಲ್ಪ ವಿಚಾರಿಸಿ ಅಂದಳು.

ದಲ್ಲಾಳಿ ಕೂಡಲೇ ಆ ಮನೆ ನೋಡಿಕೊಳ್ಳುವವನಿಗೆ ಫೋನ್ ಹಚ್ಚಿದ. ಗಿರಾಕಿಗೆ ನಂಬಿಕೆ ಬರಲೆಂದು ಇಂಥ ಕರೆಗಳನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು ಅವನ ರೂಢಿ. ಗೋಡೆ, ನಲ್ಲಿ, ಹಾಸಿಗೆ ಎಲ್ಲದರ ವರದಿಯೂ ಬಂತು. ಅವಳಿಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಾಗಿ, ಆ ವಾರ ಬರುವ ಸಾಹೇಬರ ಜೊತೆ ಯಾರಿರುತ್ತಾರೆ ಎಂದು ಕೇಳಿಯೇಬಿಟ್ಟಳು.

“ಯಾರೂ ಇಲ್ಲಮ್ಮ, ಒಬ್ರೇ ಬರ್ತಾರೆ. ಪಾಪ, ಅವರಿಗೆ ಮಾತು ಬರಲ್ಲ.”

“ಏನು ಬರಲ್ಲ?”

“ಮಾತು ಕಣಮ್ಮ. ಮೂಗರು. ಮೊದಲ್ನೇ ಸಲ ಬಂದಾಗ್ಲೇ ಟೀವಿ ತೆಗೆದು ಹೊರಗಿಡು ಅಂತ ಕೈಸನ್ನೆ ಮಾಡಿದ್ರು. ಇಡೀ ದಿನ ಸುಮ್ನೆ ನೀರು ನೋಡ್ತಾ ಕೂತಿರ್ತಾರೆ. ಆಗ ಅವರ ಮುಖದ ಕಳೆ ನೋಡ್ಬೇಕು ನೀವು. ನಾನು ಹೆಬ್ಬೆರಳು ತುಟಿಗಿಟ್ಟು ಟೀ ಬೇಕಾ ಅಂತ ಕೇಳ್ತೀನಿ, ಬೇಕು ಅನ್ನೋದಾದ್ರೆ ಎದೆ ಮೇಲೆ ಎರಡು ಸಲ ತಟ್ಕೋತಾರೆ. ಮನೇಲಿ ಮಾತಾಡ್ಸೋರು ಒಬ್ರಾದ್ರೂ ಇದಾರೋ ಇಲ್ವೋ.”

ನನ್ನ ಹತ್ತಿರ ಚೆನ್ನಾಗಿಯೇ ಮಾತಾಡಿದ್ದರಲ್ಲ ಎಂದು ಗೊಣಗುತ್ತಾ ದಲ್ಲಾಳಿ ಫೋನ್ ಇಟ್ಟ. ಅವಳಿಗೆ ಕಪಾಳಕ್ಕೆ ಬಿಗಿದಂತಾಗಿತ್ತು. ಇನ್ನೊಬ್ಬಳಿದ್ದಿದ್ದರೆ ಹೋಗಿ ಜುಟ್ಟು ಹಿಡಿದು ಕೇಳಬಹುದಿತ್ತು. ಇಲ್ಲಿ ಯಾರ ಜುಟ್ಟು ಹಿಡಿಯುವುದು? ಹಾಗಾದರೆ ಮೊದಲು ಯಾವುದನ್ನು ಮಾರೋಣ ಎಂದು ದಲ್ಲಾಳಿ ಮತ್ತೆ ಕೇಳಿದಾಗ ಅವಳು ಚೀಲ ಎತ್ತಿಕೊಂಡು ಎದ್ದಳು.

ಸಂಜೆ ಗಂಡ ಬಂದ. ಬ್ಯಾಂಕಿನ ದೂರು ವಿಭಾಗದಲ್ಲಿ ಫೋನ್ ಎತ್ತುವ ಕೆಲಸ ಅವನದು. ಬೆಳಗಿನಿಂದ ಕಂಡಕಂಡವರ ಬೈಗುಳ ಕೇಳಿ ದಣಿದ ಕಿವಿ. ಇಷ್ಟು ವರ್ಷದಲ್ಲಿ ಆ ಕಿವಿಯ ಯೋಚನೆ ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ಅವನು ಬೂಟು ಬಿಚ್ಚಿ ಕುರ್ಚಿಯಲ್ಲಿ ಕೂತ. ಬಾಗಿಲಲ್ಲೇ ಶುರುವಾಗಬೇಕಿದ್ದ ಮಾತು ಇನ್ನೂ ಶುರುವಾಗಿಲ್ಲವೆಂಬುದು ಅವನ ಗಮನಕ್ಕೇ ಬರಲಿಲ್ಲ. ಪೇಪರಿನಲ್ಲಿ ಮುಖವಿಟ್ಟು, ಅಭ್ಯಾಸಬಲದಿಂದ, “ಹ್ಞೂಂ” ಅಂದ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನು ತಲೆ ಎತ್ತುವವರೆಗೂ ಕಾದು, ಹೆಬ್ಬೆರಳನ್ನು ತುಟಿಗಿಟ್ಟಳು.

ಅವನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಎದೆಯನ್ನು ಒಮ್ಮೆ ತಟ್ಟಿತು. ಎರಡನೇ ಸಲಕ್ಕೆ ಎತ್ತಿದ್ದು, ಅಲ್ಲೇ ನಿಂತುಬಿಟ್ಟಿತು.