ತೀರ್ಥ ಕುಡಿದ ಬ್ಯಾಟರಿ

ಬ್ಯಾಟರಿ ಅಂಗಡಿಯ ಆಸಿಡ್ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ರಾಮನಾಥಪುರದ ದೊಡ್ಡಪ್ಪನ ಗೊರಕೆ ಕೇಳಿಸುತ್ತದೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ವಿಜ್ಞಾನ ಕರಿಹಲಗೆಯಿಂದ ಕೆಳಗಿಳಿದದ್ದನ್ನು ನಾನು ನೋಡಲಿಲ್ಲ. ಸಂಜೆ ಕರೆಂಟು ಹೋದಾಗಲೆಲ್ಲ ದೊಡ್ಡಮ್ಮ ಒಲೆಯ ಮುಂದೆ ಕಣ್ಣು ಕಾಣದೆ ಕೈ ಸುಟ್ಟುಕೊಳ್ಳುತ್ತಿದ್ದಳು. ಕೊನೆಗೆ ಅರಕಲಗೂಡಿನಿಂದ ಸೋಲಾರ್ ಪ್ಲೇಟು, ಬ್ಯಾಟರಿ ಬಂದವು. ಚಾರ್ಜ್ ಕಂಟ್ರೋಲರ್ ಮಾತ್ರ ಬರಲಿಲ್ಲ.

"ಬ್ಯಾಟರಿ ತುಂಬಿದ್ಮೇಲೆ ಚಾರ್ಜ್ ನಿಲ್ಸೋಕೆ ಅದು ಬೇಕೇ ಬೇಕು ಅಂದ್ನಲ್ಲ ಅಂಗಡಿಯವ್ನು," ಎಂದಳು ದೊಡ್ಡಮ್ಮ.

"ಅಷ್ಟಕ್ಕೊಂದು ಡಬ್ಬ ಯಾಕೆ? ತುಂಬಿದ ಕೂಡ್ಲೆ ನಾನೇ ವೈರ್ ಕೀಳ್ತೀನಿ. ಯಾರಿಗೆ ಪಾಠ ಹೇಳ್ತಿದೀಯ ನೀನು?"

ಬೇಸಿಗೆ ರಜೆ. ಮಜ್ಜಿಗೆ ಅನ್ನ ಉಂಡ ದೊಡ್ಡಪ್ಪ ಬ್ಯಾಟರಿ ಪಕ್ಕದಲ್ಲೇ ಚಾಪೆ ಹಾಸಿ ಕಾವಲಿಗೆ ಮಲಗಿದರು. ಅವರು ಗೊರಕೆ ಹೊಡೆಯುತ್ತಿದ್ದಾಗಲೇ ಬ್ಯಾಟರಿ ತುಂಬಿ ಗುಳುಗುಳು ಕುದಿಯಿತು. ಮೊಟ್ಟೆಯನ್ನೇ ಒಳಗೆ ಬಿಡದ ಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ತುಂಬಿತು. ಆ ವಾಸನೆಗೆ ಎದ್ದ ದೊಡ್ಡಪ್ಪ ಬ್ಯಾಟರಿಯ ಮುಚ್ಚಳ ಬಿಚ್ಚಿ, ನೀರು ಇಂಗಿದ್ದನ್ನು ಕಂಡು, ಬ್ಯಾಟರಿಗೆ ಹಾಕಬೇಕಾದ ಡಿಸ್ಟಿಲ್ಡ್ ವಾಟರಿನ ಬದಲು ದೇವರಮನೆಯ ತಂಬಿಗೆಯಿಂದ ಕಾವೇರಿ ತೀರ್ಥ ಹೊಯ್ದರು.

"ಡಿಸ್ಟಿಲ್ಡ್ ವಾಟರಿಗಿಂತ ಶುದ್ಧ ಕಣೇ ಇದು," ಎಂದರು ವಿಜ್ಞಾನದ ಮೇಷ್ಟ್ರು.

ರಾತ್ರಿ ಅವರು ಊಟಕ್ಕೆ ಕೂತಾಗ ಕರೆಂಟು ಹೋಯಿತು. ಸೋಲಾರ್ ದೀಪ ಒಮ್ಮೆ ಮಿಣುಕಿ ಆರಿತು.

"ಎಲೆನೇ ಕಾಣ್ತಿಲ್ಲ ಕಣೇ, ಬುಡ್ಡಿ ದೀಪ ತಾ," ಎಂದು ಕೂಗಿದರು.

ದೊಡ್ಡಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ತೀರ್ಥ ಹಾಕಿದೀರಲ್ಲ, ಬೆಳಕು ಬರತ್ತೆ. ಅಲ್ಲೀವರೆಗೂ ಮಲಕ್ಕೊಂಡಿರಿ."