ಪಾಸ್‌ಪೋರ್ಟ್ ಕೌಂಟರಿನಲ್ಲಿ ಪ್ರತಿಭಟನೆ

"ನೀನು ಬರೀ ಜೊತೆಗೆ ಹೋಗುವವಳು. ಬಾಯಿ ಬಿಡ್ಬೇಡ, ಆಯ್ತಾ?" ಆಸ್ಟ್ರೇಲಿಯಾದ ರಾಯಭಾರ ಕಚೇರಿಯಿಂದ ಎರಡು ಬೀದಿ ಆಚೆಗೇ ಕಾರು ನಿಲ್ಲಿಸಿ ನಾರ್ಬರ್ಟ್ ಹೆಂಡತಿ ಎವ್ಲಿನಳಿಗೆ ಕೊಂಕಣಿಯಲ್ಲಿ ಪಿಸುಗುಟ್ಟಿದ. ಹಿಂದಿನ ಸೀಟಿನಲ್ಲಿದ್ದ ಮರ್ಲೀನಳಿಗೆ ಕೊಂಕಣಿ ಬರುತ್ತಿರಲಿಲ್ಲ; ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಮುಷ್ಕರ ಮಾಡಿಸಿ ಪ್ರಿನ್ಸಿಪಾಲರನ್ನೇ ನಡುಗಿಸಿದೆ ಎಂದು ಪ್ರತಿ ಕ್ರಿಸ್ಮಸ್ ಪಾರ್ಟಿಯಲ್ಲೂ ಹೇಳುವ ಮನುಷ್ಯ, ಈಗ ಏಸಿ ಕಾರಿನೊಳಗೆ ಬೆವರುತ್ತಿದ್ದ.

ಎವ್ಲಿನ್ ಮತ್ತು ಮರ್ಲೀನ್ ಅಬುಧಾಬಿಯ ಒಂದೇ ಆಸ್ಪತ್ರೆಯಲ್ಲಿ, ಒಂದೇ ವಾರ್ಡಿನಲ್ಲಿ ನರ್ಸುಗಳು. ಮರ್ಲೀನ್ ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸು. ಅವಳ ತಂಗಿಯ ಮಗ ಜಾರೆಡ್, ಹತ್ತೊಂಬತ್ತರ ಹುಡುಗ, ಮೂರನೆಯ ಸಲ ಯಾರದೋ ಮನೆಗೆ ನುಗ್ಗಿ ಸಿಕ್ಕಿಬಿದ್ದಿದ್ದ. ಕದ್ದದ್ದು ಫ್ರಿಜ್ಜಿನಲ್ಲಿದ್ದ ಅರ್ಧ ಕೋಳಿ, ಒಂದು ಫೋನ್ ಚಾರ್ಜರ್. ಆದರೆ ಕೋಳಿಯೋ ಚಿನ್ನವೋ ಎಂದು ಅಲ್ಲಿಯ ಕಾನೂನು ಕೇಳುವುದಿಲ್ಲ. ಮೂರನೆಯ ಸಲವಾದರೆ ಕಡಿಮೆಯೆಂದರೂ ಎರಡು ವರ್ಷ ಜೈಲು. "ನನ್ನ ಕೈ ಕಟ್ಟಿದೆ" ಎಂದು ನ್ಯಾಯಾಧೀಶರೇ ಹೇಳಿದ್ದರಂತೆ. ಅದನ್ನು ವಿರೋಧಿಸಿ ಇವತ್ತು ಊರಿನ ಕೋರ್ಟಿನೆದುರು ಜನ ಸೇರುತ್ತಾರೆ, ತಾನೂ ಎಲ್ಲಾದರೂ ನಿಲ್ಲಲೇಬೇಕು ಎಂದು ಮರ್ಲೀನ್ ಹಟ ಹಿಡಿದಿದ್ದಳು.

ಇಲ್ಲಿ ಬೀದಿಯಲ್ಲಿ ಫಲಕ ಹಿಡಿದು ನಿಂತರೆ ಕೆಲಸ, ವೀಸಾ ಎಲ್ಲ ಖಲಾಸ್. "ಬೀದಿ ಯಾಕೆ? ನಿಮ್ಮ ದೇಶದ ಕಚೇರಿ ಒಳಗೇ ಹೋಗಿ ನಿಲ್ಲು" ಎಂದು ದಾರಿ ತೋರಿಸಿದವಳು ಎವ್ಲಿನ್. ತೋರಿಸಿದ ತಪ್ಪಿಗೆ ಜೊತೆಗೆ ಹೋಗಬೇಕಾಯಿತು.

ಬೆಡ್‌ಶೀಟಿನಲ್ಲಿ ಸುತ್ತಿ ತಂದ ಫಲಕವನ್ನು ಗೇಟಿನ ಕಾವಲುಗಾರ ಬಿಚ್ಚಿದ. "ಶಿಕ್ಷೆ ಮೊದಲೇ ಬರೆದಿಟ್ಟಿದ್ದರೆ ನ್ಯಾಯಾಧೀಶ ಯಾಕೆ?" ಎಂಬ ದಪ್ಪ ಇಂಗ್ಲಿಷ್ ಅಕ್ಷರಗಳನ್ನು ತುಟಿ ಅಲ್ಲಾಡಿಸುತ್ತ ಓದಿದ. ಬಾಂಬು ಸಿಕ್ಕಿದ್ದರೂ ಅವನಿಗೆ ಏನು ಮಾಡಬೇಕೆಂದು ಗೊತ್ತಿತ್ತು; ಪ್ರಶ್ನೆಗೆ ನಿಯಮ ಇರಲಿಲ್ಲ. ಕೊನೆಗೆ ಫಲಕವನ್ನು ತನ್ನ ಕುರ್ಚಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆಡ್‌ಶೀಟನ್ನು ಅಚ್ಚುಕಟ್ಟಾಗಿ ಮಡಚಿ ಎವ್ಲಿನಳ ಕೈಗೆ ಕೊಟ್ಟ. ಪ್ರತಿಭಟನೆಗೆ ಉಳಿದದ್ದು ಅದೊಂದೇ.

ಒಳಗೆ ಟೋಕನ್ ತೆಗೆದುಕೊಂಡು ಕಾದರು. ಕೌಂಟರಿನ ಗಾಜಿನಾಚೆ ಎಳೆಯ ವಯಸ್ಸಿನ ಅಧಿಕಾರಿಣಿ ನಗುತ್ತ ಕೇಳಿದಳು, "ಪಾಸ್‌ಪೋರ್ಟ್ ನವೀಕರಣವೇ?"

"ಪ್ರತಿಭಟನೆ" ಎಂದಳು ಮರ್ಲೀನ್.

"ಮೇಡಂ, ಇದು ಪಾಸ್‌ಪೋರ್ಟ್ ಕೌಂಟರ್."

"ಗೊತ್ತು. ಪ್ರತಿಭಟನೆಯ ಕೌಂಟರ್ ಯಾವುದು?"

ಅಧಿಕಾರಿಣಿಗೆ ನಗು ಬಂತು, ನುಂಗಿಕೊಂಡಳು. ಅದು ರಾಜ್ಯದ ಕಾನೂನು, ನಮ್ಮ ಕೈಯಲ್ಲಿಲ್ಲ ಎಂದಳು. "ಎಲ್ಲರ ಕೈಯೂ ಕಟ್ಟಿದೆ" ಎಂದಳು ಮರ್ಲೀನ್. "ಆ ಕಾನೂನಿನಲ್ಲಿ ನಮ್ಮ ಜನರ ಹೆಸರು ಎಲ್ಲೂ ಇಲ್ಲ, ಒಪ್ಪಿದೆ. ಆದರೆ ಜೈಲಿಗೆ ಹೋಗಿ ನೋಡಿ. ರಾಜ್ಯದಲ್ಲಿ ನೂರಕ್ಕೆ ಮೂರು ಜನ ನಾವು, ಅಲ್ಲಿ ಹತ್ತಕ್ಕೆ ನಾಲ್ಕು. ನನ್ನ ಜಾರೆಡ್..." ಐಸಿಯುನಲ್ಲಿ ಸಾವಿನ ಸುದ್ದಿಯನ್ನು ಸ್ಥಿರವಾಗಿ ಹೇಳುವ ಹೆಂಗಸು ಗಾಜಿಗೆ ಹಣೆಯಿಟ್ಟುಬಿಟ್ಟಳು.

ಬಾಯಿ ಬಿಡಬಾರದ ಎವ್ಲಿನ್ ಬೆಡ್‌ಶೀಟನ್ನು ಎದೆಗವಚಿಕೊಂಡು ಮುಂದೆ ಬಂದಳು. "ಹುಡುಗ ಚಿಕ್ಕವನಿದ್ದಾಗ ಇವಳೇ ಸಾಕಿದ್ದು. ಅವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಶಾಲೆ ಬಿಟ್ಟ. ಅವನ ಅಮ್ಮ ಡಯಾಲಿಸಿಸ್‌ಗೆಂದು ದೂರದ ಪೇಟೆಯಲ್ಲಿದ್ದಳು, ಮನೆಯಲ್ಲಿ ಅಡುಗೆ ಮಾಡುವವರಿರಲಿಲ್ಲ. ಬೇರೆಯವರ ಮನೆಗೆ ನುಗ್ಗಿದ್ದು ತಪ್ಪೇ. ಆದರೆ ಇದನ್ನೆಲ್ಲ ಒಬ್ಬರಾದರೂ ಕೇಳಬೇಕಲ್ಲ? ಕೇಳಿದ ಮೇಲೆ ಜೈಲಿಗೆ ಹಾಕಿ!"

ಕಾಯುತ್ತ ಕುಳಿತವರೆಲ್ಲ ತಮ್ಮ ಫೋನುಗಳಿಂದ ತಲೆಯೆತ್ತಿದರು.

"ನೀವು ಆಸ್ಟ್ರೇಲಿಯಾದವರಾ?" ಅಧಿಕಾರಿಣಿ ಮೆಲ್ಲಗೆ ಕೇಳಿದಳು.

"ಅಲ್ಲ, ಉಡುಪಿ ಹತ್ತಿರ."

"ಇವರಿಗೆ ನೀವು ಏನಾಗಬೇಕು?"

ಎವ್ಲಿನ್ ಒಂದು ಗಳಿಗೆ ಯೋಚಿಸಿದಳು. "ನೈಟ್ ಡ್ಯೂಟಿ" ಎಂದಳು.

ಅಧಿಕಾರಿಣಿ ಪೆನ್ನು ತೆಗೆದುಕೊಂಡಳು. ಹುಡುಗನ ಹೆಸರಿನ ಅಕ್ಷರ ಒಂದೊಂದಾಗಿ ಕೇಳಿ ಬರೆದುಕೊಂಡಳು. ಮೇಲಕ್ಕೆ ಕಳಿಸುತ್ತೇನೆ, ಏನಾದರೂ ಆಗುತ್ತದೆಂದು ಮಾತು ಕೊಡಲಾರೆ ಎಂದಳು. ಮುಂದಿನ ಟೋಕನ್ ಕೂಗಿತು.

ಇಬ್ಬರೂ ಮರಳಿ ಬಂದು ಕೂತದ್ದೇ ನಾರ್ಬರ್ಟ್ ಕಾರು ಹೊರಡಿಸಿದ. ಸಿಗ್ನಲ್ ಬಳಿ ಮರ್ಲೀನಳ ಫೋನ್ ಬಡಿದುಕೊಂಡಿತು; ಆಚೆ ತಂಗಿ. ಅವಳ ಹಿಂದೆ ಕೋರ್ಟಿನೆದುರಿನ ಗದ್ದಲ, ಘೋಷಣೆ, ಯಾರೋ ಅಳುವುದು ಎಲ್ಲ ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಇಲ್ಲಿ ನೂರರ ಮೇಲೆ ಸೇರಿದ್ದೇವೆ ಅಕ್ಕಾ. ಮೈಕಿನಲ್ಲಿ ಹೇಳಬೇಕಂತೆ, ಅಬುಧಾಬಿಯಲ್ಲಿ ಎಷ್ಟು ಜನ ಇದ್ದಿರಿ?"

ಮರ್ಲೀನ್ ಎವ್ಲಿನಳನ್ನು ನೋಡಿದಳು. "ಇಬ್ಬರು" ಎನ್ನಲು ಬಾಯಿ ತೆರೆದಳು.

"ಮೂವರು ಅಂತ ಹೇಳಿ" ಎಂದ ನಾರ್ಬರ್ಟ್, ಕೆಂಪು ದೀಪದಿಂದ ಕಣ್ಣು ಕೀಳದೆ. ಆಮೇಲೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಹೆಸರು ಮಾತ್ರ ಬೇಡ" ಎಂದ.