ಅಂಗೈ ಬಿಸಿಗೆ ಉಬ್ಬಿದ ಕಲ್ಲು

ಇಂಜೆಕ್ಷನ್‌ಗೆ ಮೊದಲು ನರ್ಸ್ ಒರೆಸುವ ಸ್ಪಿರಿಟ್ ವಾಸನೆಗೆ ನನಗೆ ಈಗಲೂ ಪೀಣ್ಯದ ಒಂದು ಕರಿಕಲ್ಲು ನೆನಪಾಗುತ್ತದೆ.

ಅಮ್ಮ ಅಲ್ಲಿನ ಕಾರ್ಖಾನೆಯೊಂದರ ಅಳತೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ದಸರಾ ರಜೆಯಲ್ಲಿ ಒಂದು ದಿನ ನನ್ನನ್ನೂ ಕರೆದೊಯ್ದಳು. ಬಿಡಿಭಾಗಗಳನ್ನಿಟ್ಟು ಅಳೆಯುವ, ಮಂಚದಷ್ಟು ದೊಡ್ಡ ಸಪಾಟು ಗ್ರಾನೈಟ್ ಕಲ್ಲನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ ಆರಲು ಬಿಟ್ಟಿದ್ದಳು. ಎಷ್ಟು ತಣ್ಣಗಿದೆಯೆಂದು ನೋಡಲು ನಾನು ಅಂಗೈ ಊರಿದೆ.

"ಕೈ ತೆಗಿಯೇ. ಬಿಸಿಗೆ ಕಲ್ಲು ಉಬ್ಬುತ್ತೆ. ಅಳತೆ ತಪ್ಪಿದ್ರೆ ಮಾಲೆಲ್ಲಾ ವಾಪಸ್ ಬರುತ್ತೆ."

"ಕಲ್ಲು ಉಬ್ಬುತ್ತಾ? ಸುಳ್ಳು ಹೇಳ್ಬೇಡಮ್ಮ."

ಸಂಜೆ ಅಳತೆಯೆಲ್ಲ ಮುಗಿದ ಮೇಲೆ ಅಮ್ಮ ಬಾಗಿಲತ್ತ ಒಮ್ಮೆ ನೋಡಿ, "ಈಗ ಕೈ ಊರು" ಎಂದಳು. ನನ್ನ ಕೈ ಪಕ್ಕದಲ್ಲೇ ತನ್ನ ಅಂಗೈಯನ್ನೂ ಒತ್ತಿದಳು. ಬಹಳ ಹೊತ್ತು ಕಾದೆವು. ಕೈ ತೆಗೆದು, ಕೂದಲೆಳೆಯಷ್ಟು ಏರಿಳಿತವನ್ನೂ ತೋರಿಸುವ ಡಯಲ್ ಗೇಜನ್ನು ಆ ಜಾಗಕ್ಕೆ ಸರಿಸಿದಾಗ ಅದರ ಮುಳ್ಳು ಚೂರೇ ಚೂರು ಏರಿತು.

"ನಾನೂ ಇವತ್ತೇ ನೋಡ್ತಿರೋದು ಕಣೇ," ಎಂದಳು ಅಮ್ಮ.